ನೀರಿಗೆ ಹೋದವನಿಗೆ ಗುಂಡೇಟು: 1917ರ ಒಂದು ಮೂಕಿ ವೆಸ್ಟರ್ನ್ ಸಿನಿಮಾ ಅರ್ಥವಾಗಬೇಕಾದರೆ

ಕಳೆದ ಬೇಸಿಗೆ ರಜೆಗೆ ಅಣ್ಣನ ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುವ ಹುಡುಗ, ಸಿನಿಮಾ ಹುಚ್ಚು ಜಾಸ್ತಿ. ಒಂದು ರಾತ್ರಿ ಮೊಬೈಲ್‌ನಲ್ಲಿ ಯಾವುದೋ ಕಪ್ಪುಬಿಳುಪು ಚಿತ್ರ ನೋಡುತ್ತಿದ್ದವನು ಅರ್ಧಕ್ಕೇ ನಿಲ್ಲಿಸಿದ. "ಚಿಕ್ಕಪ್ಪ, ಹುಡುಗನೊಬ್ಬ ಹೊಳೆಗೆ ನೀರು ತರೋಕೆ ಹೋಗ್ತಾನೆ, ಅಷ್ಟಕ್ಕೇ ಅವನಿಗೆ ಗುಂಡು ಹೊಡೀತಾರೆ. ನೀರು ತಂದಿದ್ದಕ್ಕೆ ಯಾರಾದ್ರೂ ಕೊಲ್ತಾರಾ? ತಲೆಬುಡ ಅರ್ಥ ಆಗ್ಲಿಲ್ಲ" ಅಂದ.

ಅವನು ನೋಡುತ್ತಿದ್ದದ್ದು 'ಸ್ಟ್ರೇಟ್ ಶೂಟಿಂಗ್'. 1917ರ ಆಗಸ್ಟ್ 27ರಂದು ಅಮೆರಿಕದಲ್ಲಿ ಬಿಡುಗಡೆಯಾದ ಮೂಕಿ ಚಿತ್ರ. ನಿರ್ದೇಶಕರು ಜಾನ್ ಫೋರ್ಡ್. ಆಗ ಅವರಿಗೆ ಬರೀ 23 ವರ್ಷ. ತೆರೆಯ ಮೇಲೆ ಹೆಸರು ಜ್ಯಾಕ್ ಫೋರ್ಡ್ ಎಂದು ಬರುತ್ತದೆ. ಮುಂದೆ ನಿರ್ದೇಶನಕ್ಕೆ 4 ಆಸ್ಕರ್ ಪಡೆದವರ ಮೊದಲ ಪೂರ್ಣ ಉದ್ದದ ಚಿತ್ರ ಇದು.

ಇಂಥ ಚಿತ್ರಗಳು ಈಗ ಸುಲಭವಾಗಿ ಕಣ್ಣಿಗೆ ಬೀಳುವುದಕ್ಕೆ ಕಾರಣವಿದೆ. ಅಮೆರಿಕದಲ್ಲಿ ಹಳೆಯ ಸಿನಿಮಾಗಳ ಹಕ್ಕುಸ್ವಾಮ್ಯ 95 ವರ್ಷಕ್ಕೆ ಮುಗಿಯುತ್ತದೆ. 1929ರ ಚಿತ್ರಗಳು 2025ರ ಜನವರಿ 1ಕ್ಕೆ ಎಲ್ಲರ ಸೊತ್ತಾದವು. 1929ರ ಹೊತ್ತಿಗೆ ಹಾಲಿವುಡ್‌ನಲ್ಲಿ ಮೂಕಿಯ ಕಾಲ ಮುಗಿಯುತ್ತಾ ಬಂದಿತ್ತು. ಅಂದರೆ ಉಳಿದುಕೊಂಡಿರುವ ಹಾಲಿವುಡ್ ಮೂಕಿಗಳಲ್ಲಿ ಹೆಚ್ಚುಕಡಿಮೆ ಎಲ್ಲವನ್ನೂ ಇಂದು ಯಾರು ಬೇಕಾದರೂ ನೋಡಬಹುದು, ಹಂಚಬಹುದು. ಸಿಗುವುದೇನೋ ಸುಲಭವಾಯಿತು. ಅರ್ಥವಾಗಬೇಕಾದರೆ ಸ್ವಲ್ಪ ಹಿನ್ನೆಲೆ ಗೊತ್ತಿರಬೇಕು. ಹುಡುಗನ ಪ್ರಶ್ನೆ ಒಳ್ಳೆಯದೇ. ಅದರ ಬಾಲ ಹಿಡಿದೇ ಹೋಗೋಣ.

ಮೊದಲು ಎರಡು ಪದ

ಮೂಕಿ ಎಂದರೆ ಮಾತು ಮುದ್ರಣವಾಗದ ಸಿನಿಮಾ. ಪಾತ್ರಗಳು ತುಟಿ ಅಲ್ಲಾಡಿಸುತ್ತವೆ, ದನಿ ಕೇಳಿಸುವುದಿಲ್ಲ. ಮುಖ್ಯವಾದ ಮಾತು ಬಂದಾಗ ದೃಶ್ಯ ನಿಂತು, ಅಕ್ಷರದ ಫಲಕ ತೆರೆಯ ಮೇಲೆ ಬರುತ್ತದೆ. ಹಾಗಂತ ಚಿತ್ರಮಂದಿರದಲ್ಲಿ ಮೌನ ಇರುತ್ತಿರಲಿಲ್ಲ. ತೆರೆಯ ಮುಂದೆ ಕೂತವರು ಪಿಯಾನೋ, ಆರ್ಗನ್ ನುಡಿಸುತ್ತಿದ್ದರು. ದೊಡ್ಡ ಥಿಯೇಟರ್ ಆದರೆ ಇಡೀ ವಾದ್ಯಮೇಳ.

ವೆಸ್ಟರ್ನ್ ಎಂದರೆ ಅಮೆರಿಕದ ಪಶ್ಚಿಮದ ಬಯಲುಗಳಲ್ಲಿ ನಡೆಯುವ ಕಥೆ. ಕುದುರೆ, ದನದ ಹಿಂಡು, ಬಂದೂಕು, ಕಾನೂನು ಇನ್ನೂ ಗಟ್ಟಿಯಾಗಿ ಕಾಲೂರದ ಊರು. ನಮಗೂ ಇದರ ಗುರುತು ಇದೆ. 1975ರ 'ಶೋಲೆ'ಗಾಗಿ ರಾಮನಗರದ ಬಂಡೆಗಳ ನಡುವೆ ಒಂದು ಊರನ್ನೇ ಕಟ್ಟಿದರಲ್ಲ, ಅದರ ಬೇರು ಇಂಥ ಚಿತ್ರಗಳಲ್ಲೇ ಇದೆ. ದುಡ್ಡಿಗೆ ಬಂದ ಬಂದೂಕಿನವರು ಕೊನೆಗೆ ರೈತರ ಪರ ನಿಲ್ಲುವ ಕಥೆ 1917ರಲ್ಲೇ ಇತ್ತು.

ಕಥೆ ಏನು?

ಥಂಡರ್ ಫ್ಲಿಂಟ್ ಒಬ್ಬ ದೊಡ್ಡ ರ‍್ಯಾಂಚ್ ಒಡೆಯ. ರ‍್ಯಾಂಚ್ ಎಂದರೆ ಸಾವಿರಾರು ದನ ಸಾಕುವ ಜಾಗ. ಚಿತ್ರದ ಶುರುವಿನಲ್ಲೇ ಅವನು ಎತ್ತರದಲ್ಲಿ ಕುದುರೆ ಮೇಲೆ ಕೂತು ಕೆಳಗಿನ ಬಯಲು ನೋಡುತ್ತಾನೆ. ಅದು ತುಂಬಾ ಅವನ ದನ. ಆ ಬಯಲಿನಲ್ಲೇ ಸ್ವೀಟ್‌ವಾಟರ್ ಸಿಮ್ಸ್ ಎಂಬ ಮುದುಕ ಮಗ ಟೆಡ್, ಮಗಳು ಜೋನ್ ಜೊತೆ ಬೇಸಾಯ ಮಾಡಿಕೊಂಡಿದ್ದಾನೆ. ಫ್ಲಿಂಟ್‌ಗೆ ಆ ಜಾಗ ಬೇಕು. ಸಿಮ್ಸ್ ಬಿಡುವುದಿಲ್ಲ.

ಫ್ಲಿಂಟ್ ನೀರು ನಿಲ್ಲಿಸುತ್ತಾನೆ. ಟೆಡ್ ಹೊಳೆಗೆ ಹೋಗುತ್ತಾನೆ. ಫ್ಲಿಂಟ್‌ನ ಆಳು ಪ್ಲೇಸರ್ ಫ್ರೀಮಾಂಟ್ ಅವನನ್ನು ಕೊಲ್ಲುತ್ತಾನೆ.

ಸಿಮ್ಸ್‌ನನ್ನು ಮುಗಿಸಲು ಫ್ಲಿಂಟ್ ಹೊರಗಿನಿಂದಲೂ ಒಬ್ಬನನ್ನು ಕರೆಸಿರುತ್ತಾನೆ. ಅವನ ಹೆಸರು ಶಯಾನ್ ಹ್ಯಾರಿ. ಪೊಲೀಸರಿಗೆ ಬೇಕಾದ ಮನುಷ್ಯ, ಇಂದಿನ ಮಾತಿನಲ್ಲಿ ಸುಪಾರಿ ತೆಗೆದುಕೊಳ್ಳುವವನು. ಹೇಳಿದ ಕೆಲಸ ಮಾಡಲೆಂದೇ ಅವನು ಹೊಲದ ಕಡೆ ಬರುತ್ತಾನೆ. ಅಲ್ಲಿ ಆಗ ತಾನೇ ತೋಡಿದ ಗುಂಡಿ. ಅದರ ಪಕ್ಕದಲ್ಲಿ ಅಪ್ಪ, ಮಗಳು. ಹ್ಯಾರಿಯ ಕೈ ಮುಂದೆ ಹೋಗುವುದಿಲ್ಲ. ಅವನು ಪಕ್ಷ ಬದಲಿಸುತ್ತಾನೆ.

ಆಮೇಲೆ ಪಟ್ಟಣದ ಬೀದಿಯಲ್ಲಿ ಹ್ಯಾರಿ ಮತ್ತು ಫ್ರೀಮಾಂಟ್ ಎದುರುಬದುರಾಗುತ್ತಾರೆ. ಫ್ಲಿಂಟ್‌ನ ಜನ ಸಿಮ್ಸ್ ಮನೆಗೆ ಮುತ್ತಿಗೆ ಹಾಕುತ್ತಾರೆ. ಸುತ್ತಲ ರೈತರೆಲ್ಲ ಒಳಗೆ ಸೇರಿರುತ್ತಾರೆ. ಅವರನ್ನು ಉಳಿಸಲು ಹ್ಯಾರಿ ತನ್ನ ಹಳೆಯ ಗೆಳೆಯ, ಬ್ಲ್ಯಾಕ್ ಐಡ್ ಪೀಟ್ ಎಂಬ ದರೋಡೆಕೋರನ ತಂಡದ ಸಹಾಯ ಕೇಳುತ್ತಾನೆ.

ನೀರು ತಂದಿದ್ದಕ್ಕೆ ಕೊಲ್ಲುತ್ತಾರಾ?

ಇದಕ್ಕೆ ಉತ್ತರ ಬೇಕಾದರೆ ಸಿನಿಮಾ ಬಿಟ್ಟು 50 ವರ್ಷ ಹಿಂದಕ್ಕೆ ಹೋಗಬೇಕು.

1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿಯಿತು. ಟೆಕ್ಸಸ್‌ನಲ್ಲಿ ಉದ್ದ ಕೊಂಬಿನ ದನ ಲೆಕ್ಕವಿಲ್ಲದಷ್ಟು ಇದ್ದವು, ಕೊಳ್ಳುವವರಿಲ್ಲ. ಉತ್ತರದ ನಗರಗಳಲ್ಲಿ ಮಾಂಸಕ್ಕೆ ಬೇಡಿಕೆ, ದನ ಇಲ್ಲ. ಟೆಕ್ಸಸ್‌ನಲ್ಲಿ ಸುಮಾರು 4 ಡಾಲರ್‌ಗೆ ಸಿಗುವ ದನಕ್ಕೆ ಉತ್ತರದಲ್ಲಿ 40 ಡಾಲರ್‌ವರೆಗೂ ಬೆಲೆ. 1867ರಲ್ಲಿ ಕ್ಯಾನ್ಸಸ್‌ನ ಆಬಿಲೀನ್ ಎಂಬ ರೈಲು ನಿಲ್ದಾಣದ ಊರಿನಲ್ಲಿ ದನದ ವ್ಯಾಪಾರ ಶುರುವಾಯಿತು. ನೂರಾರು ಮೈಲಿ ದನ ಹೊಡೆದುಕೊಂಡು ಅಲ್ಲಿಗೆ ತರುವ ಕೂಲಿಯವರೇ ಕೌಬಾಯ್‌ಗಳು. ದುಡ್ಡು ಕಂಡವರು ಉತ್ತರದ ಬಯಲುಗಳಲ್ಲೇ ದನ ಸಾಕಲು ಮುಂದಾದರು.

ಆ ಬಯಲು ಯಾರದ್ದು? ಕಾಗದದ ಮೇಲೆ ಸರ್ಕಾರದ್ದು. ಬೇಲಿ ಇಲ್ಲ, ಯಾರ ದನ ಬೇಕಾದರೂ ಮೇಯಬಹುದು. ಅದಕ್ಕೆ 'ಓಪನ್ ರೇಂಜ್' ಅಂತ ಹೆಸರು. ನಮ್ಮ ಗೋಮಾಳ ನೆನೆಸಿಕೊಳ್ಳಿ. ಆದರೆ ಒಂದು ಊರಿನ ಗೋಮಾಳವಲ್ಲ, ಕಣ್ಣು ಹಾಯಿಸಿದಷ್ಟೂ ದೂರದ ಗೋಮಾಳ. ಮಳೆ ಮಾತ್ರ ಕಮ್ಮಿ. ಬಹಳ ಕಡೆ ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ, ಹೆಚ್ಚುಕಡಿಮೆ ನಮ್ಮ ಚಳ್ಳಕೆರೆ ಸೀಮೆಯ ಹಾಗೆ. ಹುಲ್ಲು ಎಲ್ಲೆಡೆ ಇದೆ, ನೀರು ಅಲ್ಲೊಂದು ಇಲ್ಲೊಂದು ಹೊಳೆಯಲ್ಲಿ. ದನ ಎಷ್ಟೇ ದೂರ ಮೇಯಲಿ, ಕುಡಿಯಲು ಹೊಳೆಗೆ ಬರಲೇಬೇಕು. ಹಾಗಾಗಿ ಹೊಳೆ ಯಾರ ಕೈಯಲ್ಲಿದೆಯೋ ಸುತ್ತಲಿನ ಹುಲ್ಲೂ ಅವರದ್ದೇ. ಸಾವಿರಾರು ಎಕರೆ ಕೊಳ್ಳಬೇಕಾಗಿಲ್ಲ, ಹೊಳೆ ದಂಡೆಯ ತುಂಡು ಜಾಗ ಹಿಡಿದರೆ ಸಾಕು.

ಈಗ ಎರಡನೇ ಗುಂಪು. 1862ರಲ್ಲಿ ಅಮೆರಿಕ ಸರ್ಕಾರ ಹೋಮ್‌ಸ್ಟೆಡ್ ಕಾಯ್ದೆ ತಂದಿತ್ತು. ಒಂದು ಕುಟುಂಬ 160 ಎಕರೆ ಗುರುತು ಮಾಡಿಕೊಂಡು, 5 ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಜಮೀನು ಅವರದ್ದು. ಖರ್ಚು ಅರ್ಜಿ ಶುಲ್ಕದಷ್ಟೇ. ನಮ್ಮ ಕಡೆ 160 ಎಕರೆ ಇದ್ದವನು ದೊಡ್ಡ ಜಮೀನ್ದಾರ, ಅಲ್ವಾ? ಅಲ್ಲಿನ ಒಣ ಭೂಮಿಯಲ್ಲಿ ಅದು ಸಾಲದು. ಪಶ್ಚಿಮವನ್ನು ಅಳೆದು ಸುತ್ತಿದ ಭೂವಿಜ್ಞಾನಿ ಜಾನ್ ವೆಸ್ಲಿ ಪೊವೆಲ್ 1878ರ ವರದಿಯಲ್ಲಿ, ಅಲ್ಲಿ ದನ ಸಾಕಿ ಬದುಕುವ ಕುಟುಂಬಕ್ಕೆ 2,560 ಎಕರೆ ಬೇಕು ಎಂದು ಬರೆದರು. ಸರ್ಕಾರ ಆ ಮಾತಿನ ಮೇಲೆ ನಡೆಯಲಿಲ್ಲ. 160 ಎಕರೆಯ ರೈತ ಬದುಕಬೇಕಾದರೆ ನೀರು ಹತ್ತಿರವೇ ಇರಬೇಕು. ಅವನೂ ಹೊಳೆ ದಂಡೆಯನ್ನೇ ಹುಡುಕಿದ.

ಒಂದೇ ಹೊಳೆ, ಇಬ್ಬರು. ರೈತ ಬೆಳೆ ಉಳಿಸಿಕೊಳ್ಳಲು ಬೇಲಿ ಹಾಕಿದರೆ ದನದ ದಾರಿ ಮುಚ್ಚುತ್ತದೆ. ರ‍್ಯಾಂಚಿನವನು ದಾರಿ ಬಿಡಿಸಿಕೊಂಡರೆ ಬೆಳೆ ಹಾಳು. 1874ರಲ್ಲಿ ಇಲಿನಾಯ್‌ನ ಜೋಸೆಫ್ ಗ್ಲಿಡನ್ ಎಂಬ ರೈತ ಮುಳ್ಳುತಂತಿಗೆ ಪೇಟೆಂಟ್ ಪಡೆದರು. ಮರ ಸಿಗದ ಬಯಲಿನಲ್ಲಿ ಅಲ್ಲಿವರೆಗೆ ಬೇಲಿ ಹಾಕುವುದೇ ಕಷ್ಟವಾಗಿತ್ತು. ತಂತಿ ಬಂದ ಮೇಲೆ ಎರಡೂ ಕಡೆಯವರು ಬೇಲಿ ಎಳೆದರು, ರಾತ್ರಿ ಹೊತ್ತು ಒಬ್ಬರ ಬೇಲಿ ಇನ್ನೊಬ್ಬರು ಕತ್ತರಿಸಿದರು. 1886–87ರ ಭಾರೀ ಚಳಿಗಾಲದಲ್ಲಿ ದನಗಳು ಹಿಂಡುಹಿಂಡಾಗಿ ಸತ್ತವು. ನಷ್ಟ ತಿಂದ ದೊಡ್ಡ ಒಡೆಯರು ಇನ್ನೂ ಬಿಗಿಯಾದರು.

ಇನ್ನೊಂದು ಜಗಳ ದನಕ್ಕೆ ಹಾಕುವ ಬರೆಯದ್ದು. ಬೇಲಿ ಇಲ್ಲದ ಬಯಲಿನಲ್ಲಿ ಯಾರ ದನ ಯಾವುದು ಅಂತ ತಿಳಿಯಲು ಕಾದ ಕಬ್ಬಿಣದಿಂದ ಬರೆ ಹಾಕುತ್ತಿದ್ದರು. ಬರೆ ಇಲ್ಲದ ಕರುವಿಗೆ 'ಮ್ಯಾವರಿಕ್' ಎಂದು ಹೆಸರು. ತನ್ನ ದನಕ್ಕೆ ಬರೆ ಹಾಕದೆ ಬಿಟ್ಟ ಸ್ಯಾಮ್ಯುಯೆಲ್ ಮ್ಯಾವರಿಕ್ ಎಂಬ ಟೆಕ್ಸಸ್ ಮನುಷ್ಯನಿಂದ ಬಂದ ಪದ. ವಯೋಮಿಂಗ್‌ನಲ್ಲಿ 1884ರ ಒಂದು ಕಾನೂನು ಇಂಥ ಕರುಗಳ ಹಿಡಿತವನ್ನು ದೊಡ್ಡ ಒಡೆಯರ ಸಂಘಕ್ಕೇ ಕೊಟ್ಟಿತು. ನಾಲ್ಕು ದನ ಇಟ್ಟುಕೊಂಡ ಸಣ್ಣ ರೈತ ಸುಲಭವಾಗಿ 'ದನಗಳ್ಳ' ಅನ್ನಿಸಿಕೊಂಡ.

ನಿಜವಾಗಿಯೂ ನಡೆದದ್ದು

1892ರ ಏಪ್ರಿಲ್‌ನಲ್ಲಿ ವಯೋಮಿಂಗ್‌ನ ಜಾನ್ಸನ್ ಕೌಂಟಿಗೆ ಸುಮಾರು 50 ಜನರ ಸಶಸ್ತ್ರ ತಂಡ ನುಗ್ಗಿತು. ಅದರಲ್ಲಿ ದೊಡ್ಡ ರ‍್ಯಾಂಚ್‌ಗಳ ಒಡೆಯರು, ಮೇಸ್ತ್ರಿಗಳು ಇದ್ದರು. ಜೊತೆಗೆ ಟೆಕ್ಸಸ್‌ನಿಂದ ಸಂಬಳ ಕೊಟ್ಟು ಕರೆಸಿದ ಇಪ್ಪತ್ತಕ್ಕೂ ಹೆಚ್ಚು ಬಂದೂಕಿನವರು. ಏಪ್ರಿಲ್ 9ರಂದು ಅವರು ನೇಟ್ ಚಾಂಪಿಯನ್ ಎಂಬ ಸಣ್ಣ ದನಗಾರನ ಮನೆಯನ್ನು ಸುತ್ತುವರಿದರು. ಚಾಂಪಿಯನ್ ಇಡೀ ದಿನ ಒಳಗಿನಿಂದ ಹೋರಾಡಿದ, ಮಧ್ಯೆ ಮಧ್ಯೆ ನಡೆಯುತ್ತಿರುವುದನ್ನು ಪುಸ್ತಕದಲ್ಲಿ ಬರೆದಿಟ್ಟ. ಮನೆಗೆ ಬೆಂಕಿ ಹಚ್ಚಿದರು. ಹೊರಗೆ ಓಡಿ ಬಂದವನನ್ನು ಗುಂಡಿಕ್ಕಿ ಕೊಂದರು. ಸುದ್ದಿ ತಿಳಿದ ಸುತ್ತಮುತ್ತಲ ಜನ ಸೇರಿ, ಬಂದವರನ್ನೇ ಇನ್ನೊಂದು ರ‍್ಯಾಂಚಿನಲ್ಲಿ ಕೂಡಿಹಾಕಿದರು. ಕೊನೆಗೆ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಅವರ ಆದೇಶದ ಮೇಲೆ ಸೈನ್ಯ ಬಂದು ಬಿಡಿಸಬೇಕಾಯಿತು. ಕೊಂದವರಲ್ಲಿ ಒಬ್ಬರಿಗೂ ಶಿಕ್ಷೆಯಾಗಲಿಲ್ಲ.

ಸಿನಿಮಾ ಬಂದದ್ದು ಇದಾದ 25 ವರ್ಷಕ್ಕೆ. 1917ರಲ್ಲಿ ಟಿಕೆಟ್ ಕೊಂಡು ಕೂತವರಲ್ಲಿ ಎಷ್ಟೋ ಜನಕ್ಕೆ ಇದು ಪೇಪರ್‌ನಲ್ಲಿ ಓದಿದ ಸುದ್ದಿ. ಬಾಡಿಗೆ ಬಂಟರು, ಮುತ್ತಿಗೆ ಹಾಕಿದ ಮನೆ, ಹೊಳೆಯ ಜಗಳ ಯಾವುದನ್ನೂ ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಹೇಳಬೇಕಾಗಿರುವುದು ನಮಗೆ.

ಚಿತ್ರ ಹೇಳದ ಒಂದು ವಿಷಯವನ್ನು ಇಲ್ಲೇ ಹೇಳಬೇಕು. ಆ ಬಯಲು ಮೊದಲು ಫ್ಲಿಂಟ್‌ನದ್ದೂ ಅಲ್ಲ, ಸಿಮ್ಸ್‌ನದ್ದೂ ಅಲ್ಲ. ಅಲ್ಲಿ ಬದುಕಿದ್ದ ಮೂಲನಿವಾಸಿಗಳನ್ನು ಹೊರದೂಡಿ, ಅವರ ಬದುಕಿಗೆ ಆಧಾರವಾಗಿದ್ದ ಕಾಡೆಮ್ಮೆಗಳನ್ನು ಲಕ್ಷಗಟ್ಟಲೆ ಕೊಂದ ಮೇಲೆ ತೆರವಾದ ಹುಲ್ಲು ಅದು. ನಾಯಕನ ಹೆಸರಿನ 'ಶಯಾನ್' ಕೂಡ ಅಂಥ ಒಂದು ಜನಾಂಗದ ಹೆಸರೇ.

ದ್ರೋಹ ಯಾರದ್ದು?

ಉಂಡ ಮನೆಗೆ ಎರಡು ಬಗೆಯಬಾರದು ಅಂತ ನಮ್ಮಲ್ಲಿ ಮಾತಿದೆ. ಆ ಅಳತೆಯಲ್ಲಿ ನೋಡಿದರೆ ಹ್ಯಾರಿ ದ್ರೋಹಿ. ಕೆಲಸ ಒಪ್ಪಿಕೊಂಡು ಬಂದು ಒಡೆಯನ ವಿರುದ್ಧವೇ ಬಂದೂಕು ತಿರುಗಿಸಿದ. ಫ್ಲಿಂಟ್ ಹತ್ತಿರವೇ ಕೆಲಸ ಮಾಡುವ ಸ್ಯಾಮ್ ಟರ್ನರ್ ಎಂಬ ಯುವಕನದ್ದೂ ಅದೇ ಪಾಡು. ಅನ್ನ ಒಡೆಯನದ್ದು, ಮನಸ್ಸು ಜೋನ್ ಮೇಲೆ. ಎರಡು ದೋಣಿಯಲ್ಲಿ ಕಾಲಿಟ್ಟವನು.

ರ‍್ಯಾಂಚಿನ ಕೆಲಸಗಾರರಲ್ಲಿ ಈ ನಿಷ್ಠೆ ದೊಡ್ಡ ಮಾತಾಗಿತ್ತು. ಯಾರ ಬರೆಯ ದನ ಕಾಯುತ್ತಾನೋ ಅವರ ಪರ ನಿಲ್ಲಬೇಕು. ಈ ಕಟ್ಟು ಮುರಿಯುವುದಕ್ಕೆ ತಕ್ಕ ಕಾರಣ ಬೇಕು, ಇಲ್ಲದಿದ್ದರೆ ನೋಡುವವರು ಹ್ಯಾರಿಯನ್ನು ಒಪ್ಪುತ್ತಿರಲಿಲ್ಲ. ಗುಂಡಿಯ ಪಕ್ಕದ ದೃಶ್ಯದ ತೂಕ ಇರುವುದು ಇಲ್ಲೇ. ಎದುರಾಳಿ ಎಂದು ತಿಳಿದು ಬಂದವನಿಗೆ ಅಲ್ಲಿ ಕಾಣುವುದು ಮಗನನ್ನು ಮಣ್ಣು ಮಾಡುತ್ತಿರುವ ಅಪ್ಪ. ದೀರ್ಘ ಭಾಷಣ ಇಲ್ಲ, ಮುಖ ಮಾತ್ರ. ನನ್ನ ಪ್ರಕಾರ ಇಡೀ ಚಿತ್ರ ನಿಂತಿರುವುದು ಆ ಒಂದು ದೃಶ್ಯದ ಮೇಲೆ.

ಮಾತಿಲ್ಲದೆ ಹೇಳುವುದು ಹೇಗೆ?

ಟೆಡ್ ಸತ್ತ ಮೇಲೆ ಜೋನ್ ಊಟಕ್ಕೆ ತಟ್ಟೆ ಇಡುವ ಒಂದು ಚಿಕ್ಕ ಸನ್ನಿವೇಶ ಬರುತ್ತದೆ. ಅಣ್ಣನ ತಟ್ಟೆ ಕೈಗೆ ಬರುತ್ತದೆ. ಅದನ್ನು ಎದೆಗೆ ಒತ್ತಿಕೊಳ್ಳುತ್ತಾಳೆ. ಸಾವಾದ ಮನೆಯಲ್ಲಿ ಒಂದು ತಟ್ಟೆ ಜಾಸ್ತಿಯಾಗುವುದನ್ನು ಕಂಡವರಿಗೆ ಇದಕ್ಕೆ ಫಲಕ ಬೇಕಾಗಿಲ್ಲ. ಮೂಕಿ ಚಿತ್ರದ ಭಾಷೆ ಇದು: ವಸ್ತು, ಕೈ, ಮುಖ, ನಿಂತ ಜಾಗ.

ಜಾಗವನ್ನೂ ಗಮನಿಸಿ. ಫ್ಲಿಂಟ್ ಎತ್ತರದಲ್ಲಿ, ಸುತ್ತ ಬಯಲು. ಸಿಮ್ಸ್ ಮನೆಯವರನ್ನು ಮತ್ತೆ ಮತ್ತೆ ಬಾಗಿಲ ಚೌಕಟ್ಟಿನಲ್ಲಿ ತೋರಿಸುತ್ತಾರೆ. ಬೀದಿಯ ಕಾಳಗದಲ್ಲಿ ಇಬ್ಬರೂ ಪಿಸ್ತೂಲು ಬಿಟ್ಟು ರೈಫಲ್ ಹಿಡಿದು ಬರುತ್ತಾರೆ. ಕ್ಯಾಮೆರಾ ನಡುವೆ ಮುಖಕ್ಕೆ ತೀರಾ ಹತ್ತಿರ ಹೋಗುತ್ತದೆ. ಇಂದು ಇದು ಸಾಮಾನ್ಯ, ಆಗ ಹೊಸದು.

ಮುಖಗಳು ವಿಚಿತ್ರ ಬಿಳಿ, ತುಟಿ ಕಪ್ಪು, ಆಕಾಶ ಖಾಲಿ ಯಾಕೆ? ಆಗಿನ ಫಿಲ್ಮ್‌ಗೆ ಕೆಂಪು ಬಣ್ಣ ಕಾಣುತ್ತಿರಲಿಲ್ಲ, ನೀಲಿ ಅತಿಯಾಗಿ ಕಾಣುತ್ತಿತ್ತು. ಕೆಂಪು ತುಟಿ ಕಪ್ಪಾಯಿತು, ನೀಲಿ ಬಾನು ಬೆಳ್ಳಗಾಯಿತು. ರಾತ್ರಿ ದೃಶ್ಯವನ್ನು ಹಗಲಲ್ಲೇ ತೆಗೆದು ಆ ಭಾಗದ ಫಿಲ್ಮ್‌ಗೆ ನೀಲಿ ಬಣ್ಣ ಕಟ್ಟುವುದು ಆ ಕಾಲದಲ್ಲಿ ವಾಡಿಕೆ. ದೀಪದ ಬೆಳಕಿಗೆ ಹಳದಿ. ಜನ ದಡಬಡ ಓಡುವಂತೆ ಕಾಣುವುದಕ್ಕೂ ಕಾರಣವಿದೆ. ಆಗ ಕ್ಯಾಮೆರಾದ ಹಿಡಿಯನ್ನು ಕೈಯಲ್ಲಿ ತಿರುಗಿಸಿ, ಸೆಕೆಂಡಿಗೆ 16ರಿಂದ 20 ಚಿತ್ರ ತೆಗೆಯುತ್ತಿದ್ದರು. ಅದನ್ನು ಇಂದಿನ 24ರ ವೇಗದಲ್ಲಿ ಓಡಿಸಿದರೆ ಎಲ್ಲರೂ ಗಡಿಬಿಡಿ ಮಾಡಿದಂತೆ ಕಾಣುತ್ತದೆ. ತಪ್ಪು ನಟರದ್ದಲ್ಲ. ವೇಗ ಸರಿಪಡಿಸಿದ ಪ್ರತಿ ಹುಡುಕಿ ನೋಡಿ, ಅದೇ ನಟರು ಎಷ್ಟು ಮೆತ್ತಗೆ ಅಭಿನಯಿಸಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಹ್ಯಾರಿಯಾಗಿ ನಟಿಸಿದವರು ಹ್ಯಾರಿ ಕ್ಯಾರಿ. ನ್ಯೂಯಾರ್ಕ್‌ನಲ್ಲಿ ಹುಟ್ಟಿದ ನ್ಯಾಯಾಧೀಶರೊಬ್ಬರ ಮಗ. ಆ ಕಾಲದ ಬೇರೆ ಕೆಲವು ವೆಸ್ಟರ್ನ್ ತಾರೆಯರ ಹಾಗೆ ಮಿರುಗುವ ಬಟ್ಟೆ ಹಾಕದೆ, ಮಾಸಿದ ಅಂಗಿಯಲ್ಲಿ ಸುಮ್ನೆ ನಿಂತರು. ಸ್ಯಾಮ್ ಪಾತ್ರದ ಹೂಟ್ ಗಿಬ್ಸನ್ ಮಾತ್ರ ನಿಜವಾದ ಸವಾರ, ಸಿನಿಮಾಕ್ಕೆ ಮೊದಲು ರೋಡಿಯೋ, ಅಂದರೆ ಕೌಬಾಯ್‌ಗಳ ಕುದುರೆ ಸವಾರಿ, ದನ ಹಿಡಿಯುವ ಪಂದ್ಯ ಗೆದ್ದವರು. ದರೋಡೆಕೋರರ ಅಡಗುತಾಣದ ದಾರಿಯಾಗಿ ಕಾಣುವ ಇಕ್ಕಟ್ಟಿನ ಕಣಿವೆ ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿಯ ಬೀಲ್ಸ್ ಕಟ್. ಬೆಟ್ಟ ಕಡಿದು ಮಾಡಿದ ಹಳೆಯ ಗಾಡಿ ದಾರಿ.

ಎರಡರ ಬದಲು ಐದು ರೀಲು

ರೀಲು ಎಂದರೆ ಸುಮಾರು 1,000 ಅಡಿ ಫಿಲ್ಮ್, ಹತ್ತು ಹದಿನೈದು ನಿಮಿಷದ್ದು. ಯೂನಿವರ್ಸಲ್ ಕಂಪನಿ ಕೇಳಿದ್ದು ಎರಡು ರೀಲಿನ ಚಿತ್ರ. ಫೋರ್ಡ್ ಮತ್ತು ಕ್ಯಾರಿ ಐದು ರೀಲು ಮಾಡಿಕೊಂಡು ಬಂದರು. ಫಿಲ್ಮ್ ನದಿಗೆ ಬಿದ್ದು ಹಾಳಾಯಿತು ಎಂದು ಹೇಳಿ ಹೆಚ್ಚಿಗೆ ಫಿಲ್ಮ್ ತರಿಸಿಕೊಂಡರು ಅನ್ನುವ ಕಥೆ ಇದೆ. ಕಂಪನಿಯವರು ಕತ್ತರಿಸಲು ಹೊರಟಾಗ ಮಾಲೀಕ ಕಾರ್ಲ್ ಲೆಮ್ಲಿ ತಡೆದರಂತೆ. ಒಂದು ಸೂಟು ಹೊಲಿಯಲು ಕೊಟ್ಟಾಗ ದರ್ಜಿ ಇನ್ನೊಂದು ಪ್ಯಾಂಟು ಪುಕ್ಕಟೆ ಕೊಟ್ಟರೆ ಅವನ ಮುಖಕ್ಕೆ ಎಸೆಯುವುದೇ ಎಂದು ಕೇಳಿದರಂತೆ.

ಕಳೆದುಹೋಗಿ ಸಿಕ್ಕಿದ್ದು

ಈ ಚಿತ್ರ ದಶಕಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. ಆಗಿನ ಫಿಲ್ಮ್ ನೈಟ್ರೇಟ್‌ನದ್ದು. ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ, ಹಾಗೇ ಇಟ್ಟರೂ ಕೊಳೆತು ಪುಡಿಯಾಗುತ್ತದೆ. ಮಾತಿನ ಚಿತ್ರ ಬಂದ ಮೇಲೆ ಮೂಕಿಗೆ ಮಾರುಕಟ್ಟೆ ಇಲ್ಲ. ಯೂನಿವರ್ಸಲ್ ತನ್ನ ಬಳಿ ಉಳಿದಿದ್ದ ಮೂಕಿಗಳನ್ನು 1948ರಲ್ಲಿ ನಾಶ ಮಾಡಿತು. ಫಿಲ್ಮ್‌ನಲ್ಲಿ ಬೆಳ್ಳಿ ಇರುತ್ತದೆ, ಅದಕ್ಕೆ ಬೆಲೆ ಇತ್ತು.

1966ರಲ್ಲಿ ಒಂದು ಪ್ರತಿ ಸಿಕ್ಕಿತು, ಅಮೆರಿಕದಲ್ಲಲ್ಲ, ಆಗಿನ ಚೆಕೊಸ್ಲೊವಾಕಿಯಾದ ಸಂಗ್ರಹಾಲಯದಲ್ಲಿ. ಅಲ್ಲಿಗೆ ಹೇಗೆ ಹೋಯಿತು? ಮೂಕಿಗೆ ಭಾಷೆಯ ಗಡಿ ಇಲ್ಲ. ಫಲಕಗಳನ್ನು ಬದಲಿಸಿದರೆ ಸಾಕು, ಯಾವ ದೇಶದಲ್ಲೂ ಓಡುತ್ತದೆ. ಆಟ ಮುಗಿದ ಮೇಲೆ ಸವೆದ ಪ್ರತಿಯನ್ನು ಹಡಗಿನಲ್ಲಿ ವಾಪಸ್ ಕಳಿಸುವುದು ದುಬಾರಿ, ಎಷ್ಟೋ ಪ್ರತಿಗಳು ಹೋದಲ್ಲೇ ಉಳಿದವು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಲೆಕ್ಕ ಹಾಕಿದಾಗ, 1912ರಿಂದ 1929ರವರೆಗಿನ 10,919 ಅಮೆರಿಕನ್ ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿ ಉಳಿದಿದ್ದು ಶೇಕಡಾ 14 ಮಾತ್ರ. ಸುಮಾರು ಶೇಕಡಾ 70 ಪೂರ್ತಿ ಹೋಗಿಯೇಬಿಟ್ಟಿವೆ. ಉಳಿದವುಗಳಲ್ಲಿ 886 ಸಿಕ್ಕಿದ್ದು ಹೊರದೇಶಗಳಲ್ಲಿ.

ಇದನ್ನು ಓದುವಾಗ ನನಗೆ ನಮ್ಮದೇ ನೆನಪಾಗಿ ಸಂಕಟವಾಗುತ್ತದೆ. 1934ರ ಮಾರ್ಚ್ 3ರಂದು ಬಿಡುಗಡೆಯಾದ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಒಂದು ಪ್ರತಿಯೂ ಉಳಿದಿಲ್ಲ. ಮಾತಾಡುವ ಕನ್ನಡ ಚಿತ್ರ ಹೊರದೇಶದ ಯಾವ ಥಿಯೇಟರ್‌ಗೆ ಹೋಗಬೇಕಿತ್ತು?

ಬಾಗಿಲಲ್ಲಿ ನಿಂತವನು

ಮುತ್ತಿಗೆ ಮುಗಿದ ಮೇಲೆ ಮುದುಕ ಸಿಮ್ಸ್ ಹ್ಯಾರಿಯನ್ನು ಒಂದು ಮಾತು ಕೇಳುತ್ತಾನೆ. ಸತ್ತ ಮಗನ ಜಾಗದಲ್ಲಿ ನೀನು ಇರುತ್ತೀಯಾ? ಊರೂರು ಅಲೆದವನು ಉತ್ತರ ಕೊಡಲಾರದೆ ತಡವರಿಸುತ್ತಾನೆ. ಚಿತ್ರ ನೋಡುವಾಗ ಅವನ ಕೈಗಳ ಮೇಲೆ ಕಣ್ಣಿಡಿ. ಎಡಗೈ ಚಾಚಿ ಬಲಗೈಯ ಮೊಣಕೈ ಹತ್ತಿರ ಹಿಡಿದುಕೊಂಡು ನಿಲ್ಲುವುದು ಕ್ಯಾರಿ ಅವರ ಅಭ್ಯಾಸ. ಎಲ್ಲಿಗೂ ಸೇರದವನ ನಿಲುವು ಅದು.

ಕ್ಯಾರಿ 1947ರಲ್ಲಿ ತೀರಿಕೊಂಡರು. 1956ರಲ್ಲಿ ಫೋರ್ಡ್ 'ದಿ ಸರ್ಚರ್ಸ್' ಮಾಡಿದಾಗ ಕೊನೆಯ ದೃಶ್ಯದಲ್ಲಿ ನಾಯಕ ನಟ ಜಾನ್ ವೇಯ್ನ್ ಒಬ್ಬರೇ ಮನೆ ಬಾಗಿಲ ಹೊರಗೆ ನಿಂತಿರುತ್ತಾರೆ. ಕ್ಯಾರಿ ಅವರ ಹೆಂಡತಿ ಆಲಿವ್ ಆ ಚಿತ್ರದ ನಟಿಯರಲ್ಲಿ ಒಬ್ಬರು. ಮನೆಯವರೆಲ್ಲ ಒಳಗೆ ಹೋಗುತ್ತಾರೆ. ವೇಯ್ನ್ ಎಡಗೈ ಚಾಚಿ ಬಲ ಮೊಣಕೈ ಹಿಡಿದುಕೊಳ್ಳುತ್ತಾರೆ, ತಿರುಗಿ ನಡೆಯುತ್ತಾರೆ, ಬಾಗಿಲು ಮುಚ್ಚಿಕೊಳ್ಳುತ್ತದೆ.